ಮೊದಲ ಪಂಕ್ತಿ

ಮಾರ್ಚಿಯಲ್ಲಿ ಕರಾವಳಿಗೆ ಹೋಗಿಬರುತ್ತೇವೆ ಎಂದು ನಾನು ಬಾಯಿಬಿಟ್ಟದ್ದೇ ತಡ, ನಮ್ಮವರು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಪಟ್ಟಿ ಬರೆದೇಬಿಟ್ಟರು. ಕುಕ್ಕೆ, ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಇಡಗುಂಜಿ, ಗೋಕರ್ಣ. ಎಂಟು ಕ್ಷೇತ್ರಕ್ಕೆ ಎರಡೇ ದಿನ. ನಡುವೆ ಉಣ್ಣುವುದೆಲ್ಲಿ, ಕಾಲು ಚಾಚುವುದೆಲ್ಲಿ, ಅರವತ್ತು ದಾಟಿದ ಹೆಂಗಸರು ಬಚ್ಚಲಿಗೆ ಹೋಗುವುದೆಲ್ಲಿ ಎಂಬ ಯಾವ ಚಿಂತೆಯೂ ಆ ಪಟ್ಟಿಗೆ ಇರಲಿಲ್ಲ.

"ದೇವರೆಲ್ಲ ಅಲ್ಲೇ ಇರ್ತಾರೆ, ಇನ್ನೊಂದು ಸಲ ನೋಡಬಹುದು. ಈ ಸಲ ನಾವು ತಿನ್ನೋಕೆ ಹೋಗ್ತಿದ್ದೀವಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮನೆಯಲ್ಲಿ ತಿನ್ನುವುದಕ್ಕೇನು ಕಡಿಮೆಯಾಗಿದೆ ಎಂದು ಕೇಳಲಿಲ್ಲ, ಅಷ್ಟು ನನ್ನ ಪುಣ್ಯ.

ಹೊರಡುವವರು ಮೂವರು. ನಾನು, ನಮ್ಮ ಅತ್ತಿಗೆ, ಪಕ್ಕದ ಮನೆಯ ಟೀಚರ್. ಅತ್ತಿಗೆಯೆಂದರೆ ನಮ್ಮವರ ಅಕ್ಕ. ಈಗ 73 ವರ್ಷ. 24ಕ್ಕೆ ಗಂಡನನ್ನು ಕಳೆದುಕೊಂಡು ಹಾಸನಕ್ಕೆ, ತವರಿಗೆ, ಬಂದವರು ಇಲ್ಲೇ ಉಳಿದರು. ಸೌದೆ ಒಲೆ ಹೋಗಿ ಸೀಮೆಎಣ್ಣೆ ಸ್ಟೌ ಬಂತು, ಅದು ಹೋಗಿ ಗ್ಯಾಸ್ ಬಂತು, ಒಲೆಯ ಮುಂದಿನ ಕೈ ಮಾತ್ರ ಅದೇ. ಟೀಚರ್ ಅಂಕೋಲೆಯವರು. ಇಲ್ಲಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಬೆಳಿಗ್ಗೆ ಎದ್ದರೆ ಕಡಲಿನ ಸುದ್ದಿ, ರಾತ್ರಿ ಮಲಗುವಾಗ ಬಂಗಡೆಯ ಸುದ್ದಿ.

ಈ ಪ್ರವಾಸ ಹುಟ್ಟಿದ್ದು ಒಂದು ಫೋಟೋದಿಂದ. ಸಂಕ್ರಾಂತಿಗೆ ಮುಂಚೆ ಅಟ್ಟ ಗುಡಿಸುವಾಗ ಸಿಕ್ಕಿದ ಆಲ್ಬಂನಲ್ಲಿತ್ತು. 1993ರ ಬೇಸಿಗೆ ರಜೆ. ಬಾಡಿಗೆಗೆ ಮ್ಯಾಟಡೋರ್ ಮಾಡಿಕೊಂಡು ಮನೆಮಂದಿಯೆಲ್ಲ ಉಡುಪಿಗೆ ಹೋಗಿದ್ದೆವು. ಮಲ್ಪೆಯ ಮರಳಿನಲ್ಲಿ ಸಾಲಾಗಿ ನಿಂತಿದ್ದೇವೆ, ಸೀರೆ ಮೇಲೆತ್ತಿಕೊಂಡು ನಾನೂ ಹಲ್ಲು ಕಿರಿದಿದ್ದೇನೆ. ಎಣಿಸಿದೆ, ಹದಿಮೂರು ಜನ. ಹೋದದ್ದು ಹದಿನಾಲ್ಕು ಜನ.

"ಅತ್ತಿಗೆ, ಇದರಲ್ಲಿ ನೀವೆಲ್ಲಿ?"

ಅತ್ತಿಗೆ ಹಿತಕವರೆ ಹಿಸುಕುತ್ತಿದ್ದರು. "ನಾನು ಛತ್ರದಲ್ಲಿದ್ದೆ ಕಣೇ. ನೀವು ಬರೋ ಹೊತ್ತಿಗೆ ಅನ್ನ ಆಗಬೇಕಿತ್ತಲ್ಲ."

"ಹಾಗಾದ್ರೆ ಸಮುದ್ರ ನೋಡಲೇ ಇಲ್ವಾ?"

"ನಿಮ್ಮ ಕಾಲಲ್ಲಿ ಬಂದಿದ್ದ ಮರಳು ಗುಡಿಸಿದ್ದೆ. ಒಂದು ಮೊರದಷ್ಟಿತ್ತು" ಎಂದರು. ಕೊಂಕಿನ ಮಾತಲ್ಲ ಅದು. ಅವರಿಗೆ ಕೊಂಕು ಬರುವುದಿಲ್ಲ. ಎಷ್ಟಿತ್ತೆಂದು ನೆನಪು ಮಾಡಿಕೊಂಡು ಹೇಳಿದರು, ಅಷ್ಟೇ.

ಆ ಸಂಜೆ ನನಗೂ ನೆನಪಿದೆ. ಒದ್ದೆ ಸೀರೆಯಲ್ಲಿ ಬಂದು ಕೂತವರಿಗೆ ಬಿಸಿ ಸಾರು, ಸುಟ್ಟ ಹಪ್ಪಳ. "ಅತ್ತಿಗೆ, ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು" ಎಂದು ನಾನೇ ಹೊಗಳಿದ್ದೆ. ನೀವೂ ಬನ್ನಿ, ಅನ್ನ ಬಂದ ಮೇಲೆ ಇಟ್ಟರಾಯಿತು ಎಂದು ಹೊರಡುವಾಗ ಒಬ್ಬರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಅತ್ತಿಗೆ ಈವರೆಗೆ ಹೋಟೆಲಿನಲ್ಲಿ ಕೂತು ಉಂಡವರಲ್ಲ. ಮೊದಲು ಮಡಿ, ಒಪ್ಪೊತ್ತು, ನಮ್ಮತ್ತೆಯ ಕಣ್ಣು. ಅತ್ತೆ ತೀರಿಕೊಂಡ ಮೇಲೆ ಆ ಕಟ್ಟುಗಳೆಲ್ಲ ತಾವಾಗಿ ಸಡಿಲವಾದವು. ಸಡಿಲವಾಗಿವೆ ಎಂದು ಅವರಿಗೆ ಹೇಳುವುದನ್ನು ಮಾತ್ರ ಎಲ್ಲರೂ ಮರೆತಿದ್ದೆವು.

ಹೀಗಾಗಿ ಈ ಪ್ರವಾಸದ ಮೊದಲ ನಿಯಮ ನಾನೇ ಮಾಡಿದೆ. ಸ್ಟೌ ಇಲ್ಲ, ಪುಳಿಯೋಗರೆ ಗೊಜ್ಜಿಲ್ಲ, ಚಪಾತಿ ಡಬ್ಬಿಯಿಲ್ಲ. ಎಲ್ಲಿ ಹಸಿವೋ ಅಲ್ಲಿ ಊಟ, ಆಯಾ ಊರಿನ ಊಟ. ಎರಡನೆಯದು, ಅತ್ತಿಗೆಗೆ ಇಷ್ಟವಾದದ್ದನ್ನು ಮೊದಲು ತಿನ್ನಿಸಬೇಕು.

ತೊಡಕು ಬಂದದ್ದೇ ಇಲ್ಲಿ. ಅತ್ತಿಗೆಗೆ ಇಷ್ಟವಾದದ್ದು ಯಾವುದು? ನಮ್ಮವರಿಗೆ ಬಿಸಿಬೇಳೆ ಭಾತು, ದೊಡ್ಡ ಮಗನಿಗೆ ಆಂಬೊಡೆ, ಚಿಕ್ಕವನಿಗೆ ಕಡುಬು. ಹಿತ್ತಲಿಗೆ ಬರುವ ಬೆಕ್ಕಿಗೆ ಗಟ್ಟಿ ಮೊಸರಿನನ್ನವೇ ಆಗಬೇಕು, ಮಜ್ಜಿಗೆಯದಾದರೆ ಮೂಸಿ ಹೋಗುತ್ತದೆ. ಇದೆಲ್ಲ ಗೊತ್ತು. ಅತ್ತಿಗೆಯದು ನನಗೂ ಗೊತ್ತಿಲ್ಲ, ನಮ್ಮವರಿಗೂ ಗೊತ್ತಿಲ್ಲ. ನೇರವಾಗಿ ಕೇಳಿದರೆ "ನಿಮಗೆಲ್ಲ ಏನಿಷ್ಟವೋ ಅದೇ ಕಣೇ" ಎನ್ನುತ್ತಾರೆ. ಇನ್ನೂ ಒತ್ತಾಯ ಮಾಡಿದರೆ "ಉಳಿದದ್ದು ಯಾವುದಿದ್ರೂ ನಡೆಯುತ್ತೆ."

ಕೊನೆಗೆ ಟೀಚರೇ ಉಪಾಯ ಹೇಳಿದರು. ರಾತ್ರಿ ಊಟವಾದ ಮೇಲೆ ದಿನಕ್ಕೆರಡು ತಿಂಡಿಯನ್ನು ಅವರು ಬಣ್ಣಿಸುವುದು, ನಾನು ಅತ್ತಿಗೆಯ ಮುಖ ನೋಡುವುದು. ಎಲ್ಲಿ ಬಾಯಲ್ಲಿ ನೀರೂರುತ್ತದೋ ಆ ಊರಿನಲ್ಲಿ ಇಳಿಯುವುದು.

ಮೊದಲ ರಾತ್ರಿ ಮೂಡೆ. ಕೇದಗೆಯ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಲೋಟದ ಹಾಗೆ ಸುತ್ತಿ, ಇಡ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಎಲೆಯ ಕಂಪೆಲ್ಲ ಹಿಟ್ಟಿಗಿಳಿದಿರುತ್ತದೆ. ಟೀಚರ್ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರೆ ನನಗೇ ಹಸಿವಾಯಿತು. ಅತ್ತಿಗೆ ಕೇಳಿದ್ದು, "ಆ ಎಲೆಗೆ ಅಂಚಲ್ಲೆಲ್ಲ ಮುಳ್ಳಿರುತ್ತಲ್ಲ, ಅದನ್ನು ತೆಗೆಯೋರ್ಯಾರು?"

ಆಮೇಲೆ ಗುಜ್ಜೆ ಪಲ್ಯ. ಮಾರ್ಚಿಯಲ್ಲಿ ಹೋಗುವುದಕ್ಕೆ ಇದೂ ಒಂದು ಕಾರಣ. ಎಳೆ ಹಲಸಿಗೆ ಅದೇ ಕಾಲ, ಒಳಗೆ ತೊಳೆಯಿನ್ನೂ ಆಗಿರುವುದಿಲ್ಲ, ಬೇಯಿಸಿ ಜಜ್ಜಿ ತೆಂಗಿನಕಾಯಿ ಮಸಾಲೆಗೆ ಹಾಕಿದರೆ ಅನ್ನವೂ ಬೇಡವಾಗುತ್ತದೆ. ಅತ್ತಿಗೆ, "ಕೈಗೆ ಎಣ್ಣೆ ಹಚ್ಚಿಕೊಂಡರೂ ಆ ಸೊನೆ ಬಿಡೋದಿಲ್ಲ. ಪಾಪ, ಹೆಚ್ಚೋರ ಗತಿ."

ಮಟ್ಟು ಗುಳ್ಳದ ಹುಳಿಗೂ ಇದೇ ಗತಿಯಾಯಿತು. ಕಟಪಾಡಿ ಹತ್ತಿರದ ಮಟ್ಟು ಎಂಬ ಊರಿನ ದುಂಡನೆಯ ತಿಳಿಹಸಿರು ಬದನೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟದ್ದೆಂದು ಪ್ರತೀತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬದನೆಕಾಯಿಗೆ ಸರ್ಕಾರ ಸರ್ಟಿಫಿಕೇಟು ಕೊಟ್ಟಿದೆ ಎಂದಾಗ ಅತ್ತಿಗೆ ನಕ್ಕರು. ನಕ್ಕು, "ಅಷ್ಟು ಜನಕ್ಕೆ ಎಷ್ಟು ಕಾಯಿ ತುರಿಬೇಕೋ" ಎಂದರು. ಮಂಗಳೂರಿನ ಬನ್ಸ್, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಂ ಮೂರನ್ನೂ ಒಂದೇ ರಾತ್ರಿ ಮುಗಿಸಿದೆವು. ನನಗೆ ಸಕ್ಕರೆ ಕಾಯಿಲೆ. ಬನ್ಸಿಗೆ ಕಳಿತ ಬಾಳೆಹಣ್ಣು ಹಾಕುತ್ತಾರೆ ಎನ್ನುವುದನ್ನು ಟೀಚರ್ ಅಷ್ಟು ಒತ್ತಿ ಹೇಳಬೇಕಿರಲಿಲ್ಲ.

ಮಾರ್ಚಿಯೇ ಯಾಕೆ ಎಂದು ನಮ್ಮವರೂ ಕೇಳಿದರು. ಮಳೆಗಾಲವಾದರೆ ಘಾಟಿಯ ಭಯ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು ಜನ ಸತ್ತ ಸುದ್ದಿ ಕೇಳಿ ಟೀಚರ್ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಮೇ ತಿಂಗಳಾದರೆ ಬೆವರಿನಲ್ಲೇ ಈಜಬೇಕು. ಹೋಳಿ ಹುಣ್ಣಿಮೆಯ ಹಿಂದುಮುಂದಾದರೆ ಕಡಲು ಶಾಂತ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹೋಗುತ್ತದೆ, ಮಕ್ಕಳಿಗೆಲ್ಲ ಪರೀಕ್ಷೆಯಾದ್ದರಿಂದ ವಸತಿಗೃಹಗಳು ಖಾಲಿ. ಅಂಕೋಲೆ ಕಡೆ ಹಾಲಕ್ಕಿ ಒಕ್ಕಲಿಗರು ಬಣ್ಣದ ತುರಾಯಿ ಕಟ್ಟಿಕೊಂಡು ಸುಗ್ಗಿ ಕುಣಿಯುವುದೂ ಆಗಲೇ. ಸುಕ್ರಿ ಬೊಮ್ಮಗೌಡರು ಅದೇ ಜನದವರು. ಓದುಬರಹ ಬಾರದಿದ್ದರೂ ಸಾವಿರಾರು ಹಾಡು ನೆನಪಿಟ್ಟುಕೊಂಡಿದ್ದ ಹೆಂಗಸು. ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿದವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಟೀಚರ್ ಅವರ ಹಾಡು ಎದುರು ಕೂತು ಕೇಳಿದವರು. "ಒಂದು ವರ್ಷ ಮೊದಲೇ ನಿಮ್ಮನ್ನು ಕರಕೊಂಡು ಹೋಗಬೇಕಿತ್ತು ಅಕ್ಕಾ" ಎಂದು ಅತ್ತಿಗೆಯ ಕೈ ಹಿಡಿದುಕೊಂಡರು.

ಹಾದಿಯ ಲೆಕ್ಕ ನನ್ನ ಪಾಲಿಗೆ ಬಂತು. ಹಾಸನದಿಂದ ಶಿರಾಡಿ ಘಾಟಿಯಿಳಿದು ಮಂಗಳೂರಿಗೆ ಸರ್ಕಾರಿ ಬಸ್ಸು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ದೆಸೆಯಿಂದ ಆಧಾರ್ ಕಾರ್ಡು ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ನಮಗೆ ಸೊನ್ನೆ ರೂಪಾಯಿ ಟಿಕೆಟ್. ಮಂಗಳೂರು, ಉಡುಪಿ, ಕುಂದಾಪುರದ ನಡುವೆ ಮಾತ್ರ ಖಾಸಗಿ ಬಸ್ಸುಗಳದೇ ಕಾರುಬಾರು, ಅಲ್ಲಿ ದುಡ್ಡು ಕೊಡಲೇಬೇಕು. ಭಟ್ಕಳದಿಂದಾಚೆ ಮತ್ತೆ ಸರ್ಕಾರಿ ಬಸ್ಸು ಧಾರಾಳ. ಕೊಂಕಣ ರೈಲೂ ಇದೆ. 1998ರಲ್ಲಿ ಪೂರ್ತಿಯಾದ ಈ ದಾರಿಯಲ್ಲಿ ಉಡುಪಿ, ಬಾರಕೂರು, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲೆ ಎಲ್ಲಕ್ಕೂ ನಿಲ್ದಾಣಗಳಿವೆ. ಆದರೆ ಊರೊಂದು ಕಡೆ, ನಿಲ್ದಾಣವೊಂದು ಕಡೆ. ಆಟೋದವರ ಜೊತೆ ಚೌಕಾಸಿಗೆ ಟೀಚರನ್ನು ನೇಮಿಸಿದ್ದೇವೆ. ಸಮುದ್ರ ಎಲ್ಲಿದೆಯೆಂದು ಯಾವ ನಕ್ಷೆ ನೋಡಿದರೂ ತಿಳಿಯುತ್ತದೆ. ನಾನು ಬೇರೆಯೇ ನಕ್ಷೆ ಮಾಡಿಕೊಂಡೆ. ಯಾವ ಬಸ್‌ಸ್ಟ್ಯಾಂಡಿನಲ್ಲಿ, ಯಾವ ಹೋಟೆಲಿನಲ್ಲಿ ಕಾಲಿಡುವಂಥ ಶೌಚಾಲಯವಿದೆ ಎಂದು ಆ ಕಡೆಯ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಗುರುತು ಹಾಕಿದೆ. ಹಿಂದೆ ಇಂಥ ಪ್ರಯಾಣದಲ್ಲಿ ಬೆಳಗಿನಿಂದ ನೀರೇ ಕುಡಿಯದೆ ಕೂತವರು ನಾವೊಬ್ಬಿಬ್ಬರೇನಲ್ಲ. ಓದುವ ನಿಮಗೂ ಇದು ಗೊತ್ತಿರುವುದೇ.

ಎಲ್ಲೆಲ್ಲಿ ನಿಲ್ಲಬೇಕೆಂಬುದರಲ್ಲಿ ಟೀಚರದೇ ಒಂದು ಹಟ. ರಾಣಿಯಿಂದ ರಾಣಿಯವರೆಗೆ ಹೋಗಬೇಕಂತೆ. ಮಂಗಳೂರಿನ ಪಕ್ಕದ ಉಳ್ಳಾಲದಿಂದ ಶುರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲವೆಂದು ಎದುರುಬಿದ್ದ ಅಬ್ಬಕ್ಕನ ಊರದು. ಮುಗಿಯುವುದಕ್ಕೆ ಮುನ್ನ ಕುಮಟಾ ಹತ್ತಿರದ ಮಿರ್ಜಾನ್ ಕೋಟೆ. ಅದನ್ನು ಕಟ್ಟಿಸಿದಳೆಂದು ಹೇಳುವ ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ, ಆಳಿದವಳು. ಅವಳ ಸೀಮೆಯಿಂದ ಹೋಗುತ್ತಿದ್ದ ಕಾಳುಮೆಣಸಿಗಾಗಿ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ನಮ್ಮ ಮನೆಯಲ್ಲಿ ಸಾರಿನಪುಡಿಗೆ ಮೆಣಸು ಹುರಿಯುವಾಗ ಸೀನುವುದೊಂದೇ ನನಗೆ ಗೊತ್ತಿತ್ತು. ಅದರ ಹಿಂದೆ ಇಷ್ಟು ಹಡಗು, ಇಷ್ಟು ಯುದ್ಧ ಇದ್ದದ್ದು ಗೊತ್ತಿರಲಿಲ್ಲ. ಬಾರಕೂರಿನ ಆಳುಪರ ಕಾಲದ ಪಾಳುಗುಡಿಗಳು, ಭಟ್ಕಳದ ಕಲ್ಲಿನ ಬಸದಿ ಎರಡೂ ಪಟ್ಟಿಯಲ್ಲಿವೆ. ಮುರ್ಡೇಶ್ವರವನ್ನು ಬಸ್ಸಿನ ಕಿಟಕಿಗೇ ಬಿಟ್ಟಿದ್ದೇವೆ. ಕಾರವಾರಕ್ಕೆ ಈ ಸಲ ಆಗುವುದಿಲ್ಲ, ಮಂಡಿ ಒಪ್ಪುವುದಿಲ್ಲ.

ಹೊನ್ನಾವರದ ಕಥೆ ಹೇಳಿದ ರಾತ್ರಿಯನ್ನು ಮಾತ್ರ ನಾನು ಬೇಗ ಮರೆಯಲಾರೆ. 1340ರ ದಶಕದಲ್ಲಿ ಇಬ್ನ್ ಬತೂತ ಎಂಬ ಮೊರಾಕ್ಕೊ ದೇಶದ ಯಾತ್ರಿಕ ಅಲ್ಲಿಗೆ ಬಂದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದಿದ್ದಾನಂತೆ. ಏಳುನೂರು ವರ್ಷದ ಹತ್ತಿರಹತ್ತಿರದ ಮಾತು. ನಾನು ಬಾಯಿ ತೆರೆದುಕೊಂಡು ಕೂತೆ. ಅಲ್ಲಿಯ ಸುಲ್ತಾನನ ಮನೆಯ ಊಟವನ್ನೂ ಬಿಡದೆ ವರ್ಣಿಸಿದ್ದಾನೆ. ರೇಷ್ಮೆ ಉಟ್ಟ ದಾಸಿಯೊಬ್ಬಳು ತಾಮ್ರದ ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ ತುಪ್ಪ ಹಾಕುತ್ತಾಳೆ. ಬದಿಗೆ ಉಪ್ಪಿನಕಾಯಿ: ಮೆಣಸಿನದು, ಹಸಿಶುಂಠಿಯದು, ನಿಂಬೆಯದು, ಮಾವಿನದು. ಆಮೇಲೆ ಕೋಳಿ, ಮತ್ತೆ ಅನ್ನ. ಮೀನು, ಮತ್ತೆ ಅನ್ನ. ತರಕಾರಿ, ಕಡೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಇನ್ನೊಂದು ಸಲ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನವನ್ನೇ ಉಂಡನಂತೆ.

"ಕೋಳಿ ಮೀನು ತೆಗೆದರೆ ನಮ್ಮ ಮದುವೆ ಮನೆ ಊಟವೇ!" ಎಂದೆ ನಾನು.

ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಬಡಿಸಿದೋಳು ಯಾವಾಗ ಉಂಡಳಂತೆ?" ಎಂದರು.

ಟೀಚರ್ ತಬ್ಬಿಬ್ಬಾದರು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. "ಅದನ್ನೇನೂ ಅವ ಬರೀಲಿಲ್ಲ ಅಕ್ಕಾ" ಎಂದರು. ಆ ರಾತ್ರಿ ಇನ್ನೊಂದು ತಿಂಡಿಯ ವರ್ಣನೆ ಬಾಕಿಯಿತ್ತು, ಯಾರೂ ಕೇಳಲಿಲ್ಲ.

ನಡುವೆ ಮೀನಿನ ಪ್ರಶ್ನೆ ಬಂತು. ನಾವಿಬ್ಬರೂ ಸಸ್ಯಾಹಾರಿಗಳು. ಟೀಚರ್, "ಹೊನ್ನಾವರ ದಾಟಿದ ಮೇಲೆ ನಾನು ಬಂಗಡೆ ಬಿಡೋಳಲ್ಲ, ಮೊದಲೇ ಹೇಳಿದ್ದೇನೆ" ಎಂದು ಕಡ್ಡಿ ಮುರಿದಂತೆ ಹೇಳಿದರು. ಅತ್ತಿಗೆ ಏನೆನ್ನುತ್ತಾರೋ ಎಂದು ನನಗೆ ಅಳುಕು. ಅವರು, "ಅದಕ್ಕೇನಂತೆ, ಅವರು ಅವರದು ತಿನ್ನಲಿ. ನಾವು ಪಕ್ಕದ ಮೇಜಿನಲ್ಲಿ ಕೂತ್ಕೊಂಡ್ರಾಯ್ತು. ಬಿಸಿಯಾಗಿ ತಿನ್ನಲಿ ಪಾಪ" ಎಂದರು. ಇಷ್ಟು ವರ್ಷ ಮಡಿಯ ಹೆಸರಿನಲ್ಲಿ ನಾವು ಯಾರನ್ನು ಕಾಪಾಡುತ್ತಿದ್ದೆವೋ ತಿಳಿಯದು.

ಅವರಾಗಿ ಒಂದನ್ನು ಬೇಕೆಂದು ಕೇಳಿದ್ದು ಉಪ್ಪಿನ ವಿಷಯಕ್ಕೆ. ಗೋಕರ್ಣದ ಬಳಿ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಅಘನಾಶಿನಿ ಕಡಲು ಸೇರುವಲ್ಲಿಯ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟುಕೊಂಡು ಬಿಸಿಲಿಗೆ ಆರಿಸುತ್ತಾರೆ, ನೀರು ಇಂಗಿದ ಮೇಲೆ ಬೆಳ್ಳಗೆ ಹರಳು ನಿಲ್ಲುತ್ತದೆ, ಅದನ್ನು ಎಳೆದು ಗುಡ್ಡೆ ಹಾಕುತ್ತಾರೆ. ಮಳೆ ಬರುವ ಮುಂಚಿನ ಬಿಸಿಲುಗಾಲದ ಕೆಲಸ. ಟೀಚರ್ ಇದನ್ನು ಎತ್ತಿದ್ದು ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ಹೇಳಲಿಕ್ಕೆ. 1930ರ ಏಪ್ರಿಲ್‌ನಲ್ಲಿ ಕಾಯಿದೆ ಮುರಿದು ಉಪ್ಪು ಮಾಡಿದ ಜನರ ಊರು ತನ್ನದೆಂಬ ಹೆಮ್ಮೆ ಅವರಿಗೆ. ಆದರೆ ಅತ್ತಿಗೆ ಸತ್ಯಾಗ್ರಹದ ತನಕ ಬರಲೇ ಇಲ್ಲ, ಆಗರದಲ್ಲೇ ನಿಂತುಬಿಟ್ಟರು. "ಐವತ್ತು ವರ್ಷ ದಿನಾ ಕೈಯಲ್ಲಿ ಹಿಡಿದಿದ್ದೀನಿ. ಅದು ಆಗೋದನ್ನ ಒಂದು ಸಲ ನೋಡ್ಬೇಕು" ಎಂದರು. ನಾನು ಕೂಡಲೇ ಚೀಟಿ ತೆಗೆದು ಮೊದಲು ಅದನ್ನು ಬರೆದೆ.

ಅಪ್ಪೆಮಿಡಿಯ ಮಾತಿಗೂ ಅವರ ಕಣ್ಣರಳಿತು. ಮಾರ್ಚಿಯಲ್ಲಿ ಆ ಕಡೆಯ ಸಂತೆಗೆ ಮಾವಿನ ಮಿಡಿ ಬರುತ್ತದೆ, ತೊಟ್ಟು ಮುರಿದರೆ ಕರ್ಪೂರದಂಥ ವಾಸನೆ. "ಎರಡು ಸೇರು ತಂದರೆ ವರ್ಷಕ್ಕಾಗುವಷ್ಟು ಉಪ್ಪಿನಕಾಯಿ..." ಎಂದು ಅವರು ಲೆಕ್ಕ ಶುರುಮಾಡುತ್ತಿದ್ದಂತೆ ನಾನು ತಡೆದೆ. ಒಂದು ಮಿಡಿಯನ್ನೂ ತರುವಂತಿಲ್ಲ. ತಂದರೆ ಬಂದ ದಿನವೇ ಉಪ್ಪಿಗೆ ಹಾಕುತ್ತಾ ಕೂತಿರುತ್ತಾರೆ. ಈ ಕರಾರಿಗೆ ಅವರು ಒಪ್ಪಿದ್ದಾರೆ, ಆದರೆ ನನಗೆ ನಂಬಿಕೆಯಿಲ್ಲ. ಚೀಲ ತಪಾಸಣೆ ಮಾಡಬೇಕಾದೀತು.

ನಮ್ಮವರ ಊಟಕ್ಕೆ ಐದು ದಿನ ಮೆಸ್ಸಿನಿಂದ ಕ್ಯಾರಿಯರ್ ಗೊತ್ತುಮಾಡಿದೆ. ಅತ್ತಿಗೆ ಆದರೂ ಹುಳಿಪುಡಿ, ಸಾರಿನಪುಡಿ ಡಬ್ಬಿಗಳಿಗೆ ಚೀಟಿ ಅಂಟಿಸಿಟ್ಟಿದ್ದಾರೆ. ಹೊರಡುವುದಕ್ಕೆ ವಾರವಿದ್ದಾಗ ನಮ್ಮವರು ಆಲ್ಬಂ ತೆಗೆಸಿ ಆ ಫೋಟೋ ನೋಡಿದರು. ಹದಿಮೂರನ್ನು ಬೆರಳಿಟ್ಟು ಎಣಿಸಿದರು. ಮ್ಯಾಟಡೋರ್ ಗೊತ್ತುಮಾಡಿದ್ದು, ಯಾರು ಎಲ್ಲಿ ಕೂರಬೇಕೆಂದು ಹೇಳಿದ್ದು ಅವರೇ. ಏನೂ ಮಾತಾಡದೆ ಎದ್ದು ಹೋದರು. ಮಾರನೆಯ ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ನೋಡುತ್ತೇನೆ, ಕುಕ್ಕೆಗಿಂತ ಮೇಲೆ ಅವರ ದುಂಡಕ್ಷರದಲ್ಲಿ ಇನ್ನೊಂದು ಸಾಲು: "ಮಲ್ಪೆ, ಸಂಜೆ 5. ಅಕ್ಕನಿಗೆ ಚಪ್ಪಲಿ ಬೇಡ, ಮರಳು."

ಆ ರಾತ್ರಿಯ ವರ್ಣನೆ ನೀರ್‌ದೋಸೆ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯ ಹಾಗೆ ನೀರು ಮಾಡಿಕೊಂಡು ಕಾದ ಕಾವಲಿಗೆ ಹೊಯ್ಯುತ್ತಾರೆ. ಸೌಟಿನಿಂದ ಹರಡುವಂತಿಲ್ಲ. ಮುಚ್ಚಿಟ್ಟು ಬೇಯಿಸಿ, ಮಗುಚದೆ, ಮಡಿಸಿ ತಟ್ಟೆಗೆ ಹಾಕುತ್ತಾರೆ, ಜೊತೆಗೆ ಕಾಯಿಬೆಲ್ಲ. ಆರಿದರೆ ಅದರ ಸೊಗಸು ಹೋಯಿತು. ಅಕ್ಕಿ ಯಾರು ರುಬ್ಬುತ್ತಾರೆ ಎಂಬ ಪ್ರಶ್ನೆಗೆ ನಾನು ಸಿದ್ಧಳಾಗಿದ್ದೆ. ಅತ್ತಿಗೆ ಹಾಗೆ ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅದು ಒಂದೊಂದಾಗಿ ತಂದು ಹಾಕ್ತಾರಾ?" ಎಂದರು.

"ಹೂಂ ಅಕ್ಕಾ. ನೀವು ಸಾಕು ಅನ್ನೋವರೆಗೂ."

"ನಾನು ಕೂತೇ ಇರೋದು?"

"ಕೂತೇ ಇರೋದು."

ಅತ್ತಿಗೆ ನನ್ನ ಕಡೆ ತಿರುಗಿದರು. "ನೋಡೇ, ನಂಗೆ ಅದು ಬೇಕು. ಕಾವಲಿಯಿಂದ ತೆಗೆದ ದೋಸೆನ ಆಗಿಂದಾಗ್ಲೇ ತಿಂದೋಳಲ್ಲ ನಾನು. ಎಲ್ಲರದೂ ಆಗೋ ಹೊತ್ತಿಗೆ ತಣ್ಣಗಾಗಿರುತ್ತೆ, ಇಲ್ಲ ಹಿಟ್ಟೇ ಮುಗಿದಿರುತ್ತೆ."

ನನಗೆ ತಟ್ಟನೆ ಏನು ಹೇಳಲೂ ತೋಚಲಿಲ್ಲ. ಮೂವತ್ತೆಂಟು ವರ್ಷದಿಂದ ಆ ದೋಸೆಗಳನ್ನು ಬಿಸಿಯಾಗಿ ತಿಂದವಳು ನಾನು. ನಾಳೆಯಿಂದ ನಾನು ಹೊಯ್ಯುತ್ತೇನೆ ಎನ್ನೋಣವೆಂದರೆ ನನ್ನ ದೋಸೆ ಕಾವಲಿ ಬಿಟ್ಟು ಏಳುವುದೇ ಇಲ್ಲ. ಅದು ಅವರಿಗೂ ಗೊತ್ತು. ಮರುದಿನ ಹೇಗೋ ಎರಡು ಹೊಯ್ದು ಕೊಟ್ಟೆ. "ಚೆನ್ನಾಗಿದೆ" ಎಂದು ತಿಂದರು, ಪಾಪ, ಹರಿದ ತುಂಡುಗಳನ್ನು.

ಬುಧವಾರ ಬೆಳಿಗ್ಗೆ ಹೊರಡುತ್ತೇವೆ. ಅತ್ತಿಗೆಯ ಚೀಲದಲ್ಲಿ ಎರಡು ಹತ್ತಿ ಸೀರೆ, ರಕ್ತದೊತ್ತಡದ ಮಾತ್ರೆ, ಆಧಾರ್ ಕಾರ್ಡು. ಅಡಿಯಲ್ಲಿ ಮಡಿಸಿಟ್ಟ ಖಾಲಿ ಬಟ್ಟೆಚೀಲವೊಂದು ನನ್ನ ಕಣ್ಣಿಗೆ ಬಿದ್ದಿದೆ. ಮಿಡಿಗೇ ಇರಬೇಕು, ಕಾಣದವಳಂತೆ ಸುಮ್ಮನಿದ್ದೇನೆ. ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲೇ ಕೇಳಿದರು:

"ಉಡುಪೀಲಿ ಹೋಟೆಲು ಎಷ್ಟು ಹೊತ್ತಿಗೆ ತೆಗೀತಾರೆ?"

"ಆರು ಗಂಟೆಗೆ ತೆಗೀಬಹುದು ಅತ್ತಿಗೆ."

"ಹಾಗಾದ್ರೆ ಐದೂವರೆಗೇ ಹೋಗಿ ಬಾಗಿಲಲ್ಲಿ ನಿಂತಿರೋಣ ಕಣೇ. ಜನ ಬಂದುಬಿಟ್ರೆ ಕಷ್ಟ."